ನ್ಯೂಟ್ರಲ್ ಹೋದ ಮನೆಯ ಓವನ್

ಓವನ್ ಕೆಟ್ಟರೆ ನಮ್ಮಲ್ಲಿ ಮೊದಲು ಬೈಸಿಕೊಳ್ಳುವುದು ಕಂಪನಿ. ಆಮೇಲೆ ಸರ್ವಿಸ್‌ಗೆ ಬರುವ ಹುಡುಗ. ಕೊನೆಗೆ, ‘ಇದೇ ಬೇಕು’ ಎಂದು ಹಟ ಹಿಡಿದು ಕೊಡಿಸಿಕೊಂಡ ಮನೆಯವರು. ಗೋಡೆಯೊಳಗೆ ಮಲಗಿರುವ ತಂತಿಯನ್ನು ಮಾತ್ರ ಯಾರೂ ಏನೂ ಅನ್ನುವುದಿಲ್ಲ. ಆದರೆ ಓವನ್ನಿನ ಬೋರ್ಡು ಸುಟ್ಟಿದೆ ಎಂದಾಗ, ಅದರಲ್ಲೂ ಬದಲಾಯಿಸಿದ ಬೋರ್ಡು ಮತ್ತೆ ಸುಟ್ಟಿದೆ ಎಂದಾಗ, ಮೊದಲು ವಿಚಾರಿಸಿಕೊಳ್ಳಬೇಕಾದ್ದು ಆ ತಂತಿಯನ್ನೇ. ಅದರಲ್ಲೂ ಕಪ್ಪು ತಂತಿಯನ್ನು. ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ ಎಂಬ ನಂಬಿಕೆಯಿಂದ ಎಲ್ಲರೂ ಸದರ ಮಾಡಿಕೊಂಡಿರುವ ನ್ಯೂಟ್ರಲ್ಲನ್ನು.

ಹಾಸನದ ಕಡೆಯ ಒಂದು ಮನೆಯಲ್ಲಿ ಹೀಗೇ ಆಯಿತು. ಕೇಕ್, ಖಾರಾ ಬಿಸ್ಕತ್ತು ಮಾಡಿ ಆರ್ಡರ್ ಮೇಲೆ ಕೊಡುವ ಮನೆ. ಅಡುಗೆಮನೆಯ ಕಪಾಟಿನೊಳಗೆ ಕೂರಿಸಿದ ಎಲೆಕ್ಟ್ರಾನಿಕ್ ಓವನ್. ಒಂದು ಬೆಳಿಗ್ಗೆ ಅದರ ಡಿಸ್‌ಪ್ಲೇ ಸತ್ತುಹೋಯಿತು. ಬೋರ್ಡು ಬದಲಾಯಿಸಿದರು. ಕೆಲವು ವಾರ ಚೆನ್ನಾಗಿಯೇ ನಡೆದು, ಇನ್ನೊಂದು ಬೆಳಿಗ್ಗೆ ಹೊಸ ಬೋರ್ಡೂ ಅದೇ ದಾರಿ ಹಿಡಿಯಿತು. ‘ಈ ಮಾಡೆಲ್ಲೇ ಸರಿಯಿಲ್ಲ’ ಎಂಬ ತೀರ್ಮಾನಕ್ಕೆ ಮನೆಯವರು ಬಂದಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ಎಂದರೆ ಇದೇ. ಆ ಮನೆಯ ಕಥೆಗೆ ಆಮೇಲೆ ಬರೋಣ. ಅದಕ್ಕೂ ಮೊದಲು, ಹೆಚ್ಚಿನ ವೋಲ್ಟೇಜ್ ಓವನ್ನಿನೊಳಗೆ ಹೊಕ್ಕು ಏನೇನು ಮಾಡುತ್ತದೆ ಎಂಬುದು ತಿಳಿದಿದ್ದರೆ ಒಳ್ಳೆಯದು.

ಸಾಯುವುದು ರಾಡ್ ಅಲ್ಲ

ಓವನ್ ಅಂದರೆ ನಮ್ಮೂರುಗಳಲ್ಲಿ ಮೂರು ಬೇರೆ ಬೇರೆ ಪೆಟ್ಟಿಗೆಗಳು. ಮೈಕ್ರೋವೇವ್, ಒಟಿಜಿ, ಮತ್ತು ಈಚಿನ ಮಾಡ್ಯುಲರ್ ಅಡುಗೆಮನೆಗಳಲ್ಲಿ ಕಪಾಟಿನೊಳಗೇ ಕೂರಿಸುವ ಬಿಲ್ಟ್-ಇನ್ ಓವನ್. ಮೈಕ್ರೋವೇವ್ ವಿಷಯ ಇಲ್ಲಿಗೇ ಬಿಟ್ಟುಬಿಡುತ್ತೇನೆ. ಅದರೊಳಗಿನ ಕೆಪಾಸಿಟರ್ ಸುಮಾರು 2000 ವೋಲ್ಟ್‌ನಲ್ಲಿ ಕೆಲಸ ಮಾಡುವಂಥದ್ದು; ಪ್ಲಗ್ ಕಿತ್ತ ಮೇಲೂ ಪ್ರಾಣ ತೆಗೆಯುವಷ್ಟು ಚಾರ್ಜ್ ಅದರಲ್ಲಿ ಉಳಿದಿರಬಹುದು. ಅದರ ಮುಚ್ಚಳ ಬಿಚ್ಚುವುದು ಮನೆಯವರ ಕೆಲಸ ಅಲ್ಲವೇ ಅಲ್ಲ, ಯೂಟ್ಯೂಬ್ ಏನೇ ಹೇಳಲಿ.

ಉಳಿದೆರಡರಲ್ಲಿ ಬಿಸಿ ಮಾಡುವುದು ರಾಡ್. ಒಳಗೆ ನೈಕ್ರೋಮ್ ತಂತಿಯ ಸುರುಳಿ, ಅದರ ಸುತ್ತ ಒತ್ತಿ ತುಂಬಿದ ಮೆಗ್ನೀಷಿಯಂ ಆಕ್ಸೈಡ್ ಪುಡಿ, ಹೊರಗೆ ಸ್ಟೀಲ್ ಕೊಳವೆ. ನಿಕ್ಕಲ್ ಮತ್ತು ಕ್ರೋಮಿಯಂ ಸೇರಿದ ಈ ಮಿಶ್ರಲೋಹಕ್ಕೆ ಆಲ್ಬರ್ಟ್ ಮಾರ್ಷ್ ಎಂಬ ಅಮೆರಿಕನ್ನನಿಗೆ 1906ರಲ್ಲಿ ಪೇಟೆಂಟ್ ಸಿಕ್ಕಿತು. ಟೋಸ್ಟರ್, ಇಸ್ತ್ರಿಪೆಟ್ಟಿಗೆ, ಗೀಸರ್‌ಗಳೆಲ್ಲ ಮನೆಮಾತಾದದ್ದು ಆಮೇಲೆ. ಕೆಂಪಗೆ ಕಾದರೂ ಬೇಗ ತುಕ್ಕು ಹಿಡಿಯದ, ಕರಗದ ಗಟ್ಟಿ ಜೀವ ಅದು.

ಮೇಲೆ 2000 ವಾಟ್ ಎಂದು ಬರೆದಿರುವ ಓವನ್ 230 ವೋಲ್ಟ್‌ನಲ್ಲಿ 8.7 ಆಂಪಿಯರ್ ಎಳೆಯುತ್ತದೆ. ರಾಡ್‌ಗಳ ಒಟ್ಟು ರೋಧ ಸುಮಾರು 26.5 ಓಮ್. ಈ ರೋಧ ಹೆಚ್ಚು ಬದಲಾಗುವುದಿಲ್ಲ. ಹಾಗಾಗಿ ವೋಲ್ಟೇಜ್ ಏರಿದರೆ ಶಾಖ ಅದರ ವರ್ಗದ ಲೆಕ್ಕದಲ್ಲಿ ಏರುತ್ತದೆ. 250 ವೋಲ್ಟ್ ಬಂದರೆ ಅದೇ ಓವನ್ ಸುಮಾರು 2360 ವಾಟ್‌ನದಾಗುತ್ತದೆ. 300 ವೋಲ್ಟ್ ಬಂದರೆ 3400. ಹಾಗಿದ್ದರೂ ರಾಡ್ ಕೂಡಲೇ ಸುಡುವುದಿಲ್ಲ. ಥರ್ಮೋಸ್ಟ್ಯಾಟ್ ಬೇಗ ಕಟ್ ಮಾಡುತ್ತದೆ, ತಡವಾಗಿ ಮತ್ತೆ ಹಚ್ಚುತ್ತದೆ, ಅಷ್ಟೆ. ಕೇಕಿನ ನೆತ್ತಿ ಬೇಗ ಕಂದಿ, ಹೊಟ್ಟೆ ಹಸಿಯಾಗಿ ಉಳಿಯಬಹುದು. ಮನೆಯಾಕೆ ಮೊಟ್ಟೆಯನ್ನೋ ಮೈದಾವನ್ನೋ ಅನುಮಾನಿಸುತ್ತಾಳೆ. ವೋಲ್ಟೇಜನ್ನು ಅನುಮಾನಿಸುವವರು ಕಡಿಮೆ.

ಇದಕ್ಕಿಂತ ಒಳ್ಳೆಯ ಸಾಕ್ಷಿ ಓವನ್ನಿನ ಒಳಗೇ ಇದೆ: ಅದರ ಬಲ್ಬ್. 250, 300 ಡಿಗ್ರಿ ಬಿಸಿಯಲ್ಲಿ ಎಲ್‌ಇಡಿ ಬದುಕದು ಎಂಬ ಕಾರಣಕ್ಕೆ ಇವತ್ತಿಗೂ ಬಹುತೇಕ ಓವನ್‌ಗಳಲ್ಲಿ ಹಳೆಯ ತಂತಿ ಬಲ್ಬನ್ನೇ ಹಾಕುತ್ತಾರೆ. ತಂತಿ ಬಲ್ಬಿಗೆ ವೋಲ್ಟೇಜ್ ಶೇ 5ರಷ್ಟು ಹೆಚ್ಚಾದರೆ ಸಾಕು, ಆಯುಷ್ಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ವರ್ಷಗಟ್ಟಲೆ ಉರಿಯಬೇಕಾದ ಓವನ್ ಬಲ್ಬ್ ಪದೇ ಪದೇ ಹೋಗುತ್ತಿದ್ದರೆ, ಬಲ್ಬ್ ಮಾರಿದ ಅಂಗಡಿಯವನ ಜೊತೆ ಜಗಳಕ್ಕೆ ಇಳಿಯುವ ಮೊದಲು ಸಾಕೆಟ್‌ಗೆ ಮೀಟರ್ ಹಿಡಿದು ನೋಡುವುದು ಲೇಸು.

ನಿಜವಾಗಿ ಸಾಯುವುದು ಬೋರ್ಡು. ನಾವು 230 ವೋಲ್ಟ್ ಎಂದು ಕರೆಯುವ ಎಸಿ ಕರೆಂಟ್ ಪ್ರತಿ ಅಲೆಯ ನೆತ್ತಿಯಲ್ಲಿ 325 ವೋಲ್ಟ್ ಮುಟ್ಟುತ್ತದೆ. ಬೋರ್ಡಿನ ಪವರ್ ಸಪ್ಲೈ ಇದನ್ನು ಡಿಸಿ ಮಾಡಿ ಒಂದು ದಪ್ಪ ಕೆಪಾಸಿಟರ್‌ನಲ್ಲಿ ತುಂಬಿಕೊಳ್ಳುತ್ತದೆ. ಆ ಕೆಪಾಸಿಟರ್ ಸಾಮಾನ್ಯವಾಗಿ 400 ಅಥವಾ 450 ವೋಲ್ಟ್‌ನದು. ಸಾಕೆಟ್‌ನಲ್ಲಿ 300 ವೋಲ್ಟ್ ಬಂದರೆ ಅಲೆಯ ನೆತ್ತಿ 424. ಅಲ್ಲಿಗೆ 400 ವೋಲ್ಟ್‌ನ ಕೆಪಾಸಿಟರ್‌ನ ಕಥೆ ಮುಗಿಯಿತು. ತಲೆ ಉಬ್ಬುತ್ತದೆ, ಕೆಲವು ಸಲ ಪಟಾಕಿಯಂತೆ ಸಿಡಿಯುತ್ತದೆ.

ಕೆಪಾಸಿಟರ್‌ಗೂ ಮುಂಚೆ ಬಾಗಿಲಲ್ಲಿ ಕಾವಲು ನಿಂತಿರುವುದು ನೀಲಿ ಬಣ್ಣದ್ದೋ ಕೆಂಪು ಬಣ್ಣದ್ದೋ ಒಂದು ಬಿಲ್ಲೆ. ಎಂಒವಿ, ಅಂದರೆ ಸತುವಿನ ಆಕ್ಸೈಡ್‌ನಿಂದ ಮಾಡಿದ ವೇರಿಸ್ಟರ್. 1960ರ ದಶಕದ ಕೊನೆಗೆ ಜಪಾನಿನ ಮಾತ್ಸುಶಿತಾ ಕಂಪನಿಯಲ್ಲಿ ಮಿಚಿಯೊ ಮಾತ್ಸುಓಕಾ ರೂಪಿಸಿದ ಸಾಧನ ಇದು. ಸಾಮಾನ್ಯ ವೋಲ್ಟೇಜ್ ಇರುವ ತನಕ ತೆಪ್ಪಗಿರುತ್ತದೆ, ಮಿತಿ ದಾಟಿದ ತಕ್ಷಣ ತಾನೇ ದಾರಿ ಬಿಟ್ಟು ಹೆಚ್ಚುವರಿಯನ್ನು ನುಂಗುತ್ತದೆ. ಅದರ ಮೇಲೆ 431 ಎಂದು ಬರೆದಿದ್ದರೆ 275 ವೋಲ್ಟ್ ಎಸಿ ತನಕ ತಡೆಯುತ್ತದೆ ಎಂದರ್ಥ. 471 ಎಂದಿದ್ದರೆ 300 ವೋಲ್ಟ್. ಆದರೆ ಅದು ಹುಟ್ಟಿದ್ದು ಮಿಂಚಿನ ಹೊಡೆತಕ್ಕೆ, ಸೆಕೆಂಡಿನ ಲಕ್ಷದ ಕೆಲವೇ ಭಾಗ ಇರುವ ಪೆಟ್ಟಿಗೆ. ನಿಮಿಷಗಟ್ಟಲೆ 320 ವೋಲ್ಟ್ ನಿಂತರೆ ಬಿಲ್ಲೆ ಕಾದು, ಬಿರಿದು, ಶಾರ್ಟ್ ಆಗಿ, ಪಕ್ಕದ ಫ್ಯೂಸನ್ನೂ ಜೊತೆಗೆ ಕರೆದುಕೊಂಡು ಹೋಗುತ್ತದೆ.

ಈ ಮೂರನ್ನು ನೋಡಿದರೆ ರೋಗ ಗೊತ್ತಾಗುತ್ತದೆ. ಬೋರ್ಡು ಬದಲಾಯಿಸಿದ ಸರ್ವಿಸ್‌ನವರಿಂದ ಹಳೆಯದನ್ನು ಕೇಳಿ ನೋಡಿ. ಬಿಲ್ಲೆ ಸೀಳಿದೆ, ಗಾಜಿನ ಫ್ಯೂಸ್ ಒಳಗೆಲ್ಲ ಕಪ್ಪಾಗಿದೆ, ಕೆಪಾಸಿಟರ್ ಉಬ್ಬಿದೆ ಎಂದರೆ ಅದು ಹೈ ವೋಲ್ಟೇಜ್‌ನ ಕೆಲಸ, ಬೋರ್ಡಿನ ತಪ್ಪಲ್ಲ. ಬಿಲ್ಲೆ ನೆಟ್ಟಗಿದ್ದು, ರಾಡ್‌ಗೆ ಹೋಗುವ ರಿಲೇ ಹತ್ತಿರ ಮಾತ್ರ ಬೆಸುಗೆ ಕರಕಲಾಗಿದ್ದರೆ ಅದು ಲೂಸ್ ಕಾಂಟ್ಯಾಕ್ಟ್. ವೋಲ್ಟೇಜ್ ಮೇಲೆ ಗೂಬೆ ಕೂರಿಸಬೇಡಿ. ಹಾಗೆಯೇ ಮಳೆಗಾಲದಲ್ಲಿ, ಅದರಲ್ಲೂ ಮಲೆನಾಡು ಮತ್ತು ಕರಾವಳಿಯಲ್ಲಿ, ಬಹಳ ದಿನ ಬಳಸದ ಒಟಿಜಿ ಹಚ್ಚಿದ ಕೂಡಲೇ ಆರ್‌ಸಿಸಿಬಿ ಬಿದ್ದರೆ ಅದು ರಾಡ್‌ನೊಳಗಿನ ಪುಡಿ ತೇವ ಎಳೆದುಕೊಂಡು ಕರೆಂಟ್ ಸೋರಿದ್ದು. ‘ವೋಲ್ಟೇಜ್ ಜಾಸ್ತಿಯಾಗಿ ಟ್ರಿಪ್ ಆಯ್ತು’ ಎನ್ನುವವರು ಬಹಳ. ಎಂಸಿಬಿ ನೋಡುವುದು ಎಷ್ಟು ಕರೆಂಟ್ ಹರಿಯುತ್ತಿದೆ ಎಂಬುದನ್ನು, ಆರ್‌ಸಿಸಿಬಿ ನೋಡುವುದು ಸೋರಿಕೆಯನ್ನು. ವೋಲ್ಟೇಜ್ ಎಷ್ಟಿದೆ ಎಂದು ಕೇಳುವ ಕೆಲಸ ಎರಡಕ್ಕೂ ಇಲ್ಲ.

ಕೆಲವು ಓವನ್‌ಗಳು ಜಾಣ. ಸಪ್ಲೈ ವೋಲ್ಟೇಜನ್ನು ತಾವೇ ಅಳೆದು, ಮಿತಿ ಮೀರಿದಾಗ ರಾಡ್ ಬಂದ್ ಮಾಡಿ ಪರದೆಯ ಮೇಲೆ ಒಂದು ಕೋಡ್ ತೋರಿಸುತ್ತವೆ. ಕೋಡ್ ಕಂಪನಿಯಿಂದ ಕಂಪನಿಗೆ ಬೇರೆ, ಮ್ಯಾನ್ಯುಯಲ್ ನೋಡದೆ ಗತ್ಯಂತರ ಇಲ್ಲ. ಯುರೋಪಿನ ಕೆಲವು ಗಾಜಿನ ಇಂಡಕ್ಷನ್ ಒಲೆಗಳು ‘ಯು400’ ಎಂದು ತೋರಿಸುತ್ತವೆ. ಅಲ್ಲಿನ ಮನೆಗಳಲ್ಲಿ ಒಲೆಗೇ ಎರಡು ಮೂರು ಫೇಸ್ ಎಳೆಯುವುದು ರೂಢಿ. ಎಲೆಕ್ಟ್ರಿಶಿಯನ್ ತಂತಿಯನ್ನು ತಪ್ಪು ಟರ್ಮಿನಲ್‌ಗೆ ಕೊಟ್ಟರೆ 230ರ ಜಾಗಕ್ಕೆ 400 ವೋಲ್ಟ್ ಬರುತ್ತದೆ. ಒಲೆ ಕಿರುಚಿ ಹೇಳುತ್ತದೆ. ಇಂಥ ಕೋಡ್ ಬಂದಾಗ ಪ್ಲಗ್ ಕಿತ್ತು ಮತ್ತೆ ಹಾಕಿ ‘ಸರಿ ಹೋಯ್ತು’ ಎಂದು ಸುಮ್ಮನಾಗುವುದು ಜಾಣತನವಲ್ಲ.

400 ವೋಲ್ಟ್ ಮನೆಯೊಳಗೇ ಇದೆ

ನಮಗೆ ಲೆಕ್ಕದಲ್ಲಿ ಕೊಡುವುದು 230 ವೋಲ್ಟ್. ಶೇ 10 ಹೆಚ್ಚುಕಡಿಮೆ ಎಂದರೂ 207ರಿಂದ 253. ಹಳೆಯ 1956ರ ನಿಯಮದಲ್ಲಿ ಮನೆಗಳಿಗೆ ಕೊಡುವ ವೋಲ್ಟೇಜ್ ಶೇ 6ಕ್ಕಿಂತ ಹೆಚ್ಚು ಏರುಪೇರಾಗಬಾರದು ಎಂದಿತ್ತು. ಆಗಿನ 240 ವೋಲ್ಟ್‌ಗೆ ಶೇ 6 ಸೇರಿಸಿದರೆ 254. ಲೆಕ್ಕ ಬದಲಾಯಿತು, ಮೇಲಿನ ಗೆರೆ ಬಹುತೇಕ ಅಲ್ಲೇ ಉಳಿಯಿತು.

ಬೀದಿ ಕೊನೆಯ ಟ್ರಾನ್ಸ್‌ಫಾರ್ಮರ್ 11,000 ವೋಲ್ಟನ್ನು 433ಕ್ಕೆ ಇಳಿಸುತ್ತದೆ. ಇದು ಎರಡು ಫೇಸ್‌ಗಳ ನಡುವಿನ ಅಳತೆ. ಒಂದು ಫೇಸ್‌ನಿಂದ ನ್ಯೂಟ್ರಲ್‌ಗೆ ನೋಡಿದರೆ 250. ತಂತಿಯ ಉದ್ದಕ್ಕೂ ಸ್ವಲ್ಪ ಸ್ವಲ್ಪ ಕಳೆದುಹೋಗಿ ನಡುವಿನ ಮನೆಗಳಿಗೆ 230 ಸಿಗಲಿ ಎಂಬುದು ಎಣಿಕೆ. ಹಾಗಾಗಿ ಟ್ರಾನ್ಸ್‌ಫಾರ್ಮರ್ ಪಕ್ಕದ ಮನೆಯವರಿಗೆ ನಡುರಾತ್ರಿ 250 ವೋಲ್ಟ್ ಬಂದರೆ ಆಶ್ಚರ್ಯವಿಲ್ಲ. ಅದೇ ಲೈನಿನ ಕೊನೆಯ ಮನೆಯವರು ಲೋ ವೋಲ್ಟೇಜ್ ಎಂದು ಗೊಣಗುತ್ತಿರುತ್ತಾರೆ. ಈಚೆಗೆ ಸೋಲಾರ್ ಹಾಕಿಸಿಕೊಂಡ ಮನೆಗಳು ಹೆಚ್ಚಿರುವ ಬೀದಿಗಳಲ್ಲಿ ಮಟಮಟ ಮಧ್ಯಾಹ್ನವೂ ವೋಲ್ಟೇಜ್ ಏರುವುದುಂಟು. ಇವೆಲ್ಲ ಐದು ಹತ್ತು ವೋಲ್ಟ್‌ನ ಮಾತು. ಬಲ್ಬಿನ ಆಯುಷ್ಯ ತಿನ್ನುತ್ತವೆ, ಬೋರ್ಡು ಸುಡುವಷ್ಟಲ್ಲ.

ಬೋರ್ಡು ಸುಡುವುದು ನ್ಯೂಟ್ರಲ್ ಕಡಿದಾಗ.

ಮೂರು ಫೇಸ್‌ಗಳ ಮನೆ ಎಂದಿಟ್ಟುಕೊಳ್ಳಿ. ಅಡುಗೆಮನೆ ಕೆಂಪು ಫೇಸ್‌ನಲ್ಲಿ, ಎರಡು ಬಚ್ಚಲಿನ ಗೀಸರ್‌ಗಳು ಹಳದಿಯಲ್ಲಿ. ಮೂರನೆಯದರ ಮೇಲೆ ಸದ್ಯಕ್ಕೆ ಏನೂ ಉರಿಯುತ್ತಿಲ್ಲ. ಒಂದು ಫೇಸ್‌ಗೂ ಇನ್ನೊಂದಕ್ಕೂ ನಡುವೆ 400 ವೋಲ್ಟ್ ಇದೆ. ಮನೆಯ ಯಾವ ಸಾಕೆಟ್‌ನಲ್ಲೂ ಅದು ಕಾಣುವುದಿಲ್ಲ, ಏಕೆಂದರೆ ಎಲ್ಲದರ ಒಂದು ಕಾಲು ನ್ಯೂಟ್ರಲ್ ಮೇಲಿದೆ. ನ್ಯೂಟ್ರಲ್ ಗಟ್ಟಿಯಾಗಿ ಕೂತಿರುವ ತನಕ ಓವನ್ನಿಗೆ 230, ಗೀಸರ್‌ಗೂ 230. ಈಗ ಮೇನ್ ಸ್ವಿಚ್‌ನಲ್ಲಿ ನ್ಯೂಟ್ರಲ್ ತಂತಿ ಸಡಿಲಾಗಿ ಬಿಟ್ಟುಕೊಂಡಿತು ಎನ್ನಿ. ಕರೆಂಟ್ ವಾಪಸಾಗಲು ದಾರಿ ಇಲ್ಲ. ಕೆಂಪು ಫೇಸ್‌ನಿಂದ ಹೊರಟದ್ದು ಓವನ್ ದಾಟಿ, ನ್ಯೂಟ್ರಲ್ ಪಟ್ಟಿ ದಾಟಿ, ಗೀಸರ್‌ಗಳ ಮೂಲಕ ಹಳದಿ ಫೇಸ್‌ಗೆ ಹೋಗುತ್ತದೆ. ಓವನ್ ಮತ್ತು ಗೀಸರ್‌ಗಳು ಒಂದರ ಹಿಂದೆ ಒಂದು ಸಾಲಾಗಿ ನಿಂತು ಆ 400 ವೋಲ್ಟನ್ನು ಹಂಚಿಕೊಳ್ಳಬೇಕು. ಹಂಚಿಕೆ ಸಮನಾಗಿರುವುದಿಲ್ಲ. ರೋಧ ಹೆಚ್ಚಿರುವವರಿಗೆ, ಅಂದರೆ ವಾಟ್ ಕಡಿಮೆ ಇರುವವರಿಗೆ, ದೊಡ್ಡ ಪಾಲು.

ಓವನ್ 2000 ವಾಟ್, ಗೀಸರ್‌ಗಳು ತಲಾ 2000 ಎಂದರೆ ಒಟ್ಟು 4000. ಲೆಕ್ಕ ಹಾಕಿದರೆ ಓವನ್ನಿಗೆ ಸುಮಾರು 267 ವೋಲ್ಟ್, ಗೀಸರ್‌ಗಳಿಗೆ 133. ‘ನೀರು ಯಾಕೋ ಕಾಯ್ತಿಲ್ಲ’ ಎಂದು ಬಚ್ಚಲಿನಿಂದ ಕೂಗು ಬರುತ್ತದೆ. ಅಡುಗೆಮನೆಯಲ್ಲಿ ದೀಪ ಎಂದಿಗಿಂತ ಬೆಳ್ಳಗೆ ಉರಿಯುತ್ತಿದೆ, ಎಕ್ಸಾಸ್ಟ್ ಫ್ಯಾನ್ ಸದ್ದು ಜೋರಾಗಿದೆ. ಇಷ್ಟರಲ್ಲೇ ನಿಂತಿದ್ದರೆ ಬೋರ್ಡು ಹೇಗೋ ಬದುಕುತ್ತಿತ್ತು.

ಆದರೆ ಓವನ್ ಬಿಸಿಯಾಗುತ್ತದೆ. 180 ಡಿಗ್ರಿ ಮುಟ್ಟಿದಾಗ ಕಟಕ್ ಎಂದು ರಾಡ್ ಬಂದ್ ಆಗುತ್ತದೆ. ಈಗ ಕೆಂಪು ಫೇಸ್‌ನಲ್ಲಿ ಉಳಿದದ್ದು ಓವನ್ನಿನ ಬೋರ್ಡು, ಫ್ರಿಜ್, ಒಂದೆರಡು ದೀಪ. ಎಲ್ಲ ಸೇರಿ 100 ವಾಟ್ ಇರಬಹುದು. ಆ ಕಡೆ 4000 ವಾಟ್‌ನ ಗೀಸರ್‌ಗಳು. ಮತ್ತೆ ಹಂಚಿಕೆ ನಡೆಯುತ್ತದೆ: ಗೀಸರ್‌ಗಳಿಗೆ 10 ವೋಲ್ಟ್, ಅಡುಗೆಮನೆಗೆ 390. ಅಲೆಯ ನೆತ್ತಿಯಲ್ಲಿ 550. ಬೋರ್ಡು, ಫ್ರಿಜ್ಜು, ದೀಪ ಒಟ್ಟಿಗೇ ಹೋಗುತ್ತವೆ. ಅಂದರೆ ಓವನ್ನಿನ ರಾಡ್ ಉರಿಯುತ್ತಿರುವ ತನಕ ಅದೇ ಬೋರ್ಡನ್ನು ಕಾಯುತ್ತಿತ್ತು. ರಾಡ್ ತನ್ನ ಕೆಲಸ ಮುಗಿಸಿ ಆರಿದ ಕ್ಷಣದಲ್ಲಿ ಬೋರ್ಡು ಸತ್ತಿತು. ಕೇಕ್ ಬೇಯುತ್ತಿರುವಾಗ ಸರಿಯಿದ್ದ ಓವನ್ ‘ಇದ್ದಕ್ಕಿದ್ದಂತೆ’ ಹೋಯಿತು ಎನ್ನುವವರ ಮಾತಿನಲ್ಲಿ ಇಂಥ ಲೆಕ್ಕ ಅಡಗಿರುವುದುಂಟು.

ಹಾಸನದ ಆ ಮನೆಯಲ್ಲಿ ನ್ಯೂಟ್ರಲ್ ಪೂರ್ತಿ ಕಡಿದಿರಲಿಲ್ಲ, ಸಡಿಲಾಗಿತ್ತು. ಪೂರ್ತಿ ಕಡಿದಿದ್ದರೆ ಮೊದಲ ದಿನವೇ ಅರ್ಧ ಮನೆ ಸುಟ್ಟು ಕಾರಣ ಗೊತ್ತಾಗುತ್ತಿತ್ತು. ಸಡಿಲು ಎಂದರೆ ಕೆಲವು ದಿನ ಸರಿ, ಕೆಲವು ದಿನ ಇಲ್ಲ. ಬೋರ್ಡು ಎರಡೂ ಸಲ ಹೋದದ್ದು ಬೆಳಗಿನ ಹೊತ್ತು, ಸ್ನಾನದ ಸಮಯಕ್ಕೆ. ಅದನ್ನು ಯಾರೂ ಜೋಡಿಸಿ ನೋಡಿರಲಿಲ್ಲ. ಕೊನೆಗೆ ಅದೇ ಬೀದಿಯ ವಯಸ್ಸಾದ ಎಲೆಕ್ಟ್ರಿಶಿಯನ್ ಒಬ್ಬರು ಬಂದರು. ಓವನ್ನನ್ನು ಮುಟ್ಟಲೇ ಇಲ್ಲ.

‘ಅಕ್ಕ, ಓವನ್ ಬಿಡಿ. ಎರಡೂ ಗೀಸರ್ ಹಾಕಿ, ನೋಡಣ.’

ಅಡುಗೆಮನೆಯ ಸಾಕೆಟ್‌ಗೆ ಮೀಟರ್ ಚುಚ್ಚಿ ನಿಂತರು. ಗೀಸರ್ ಹಾಕುವ ಮುಂಚೆ 231 ಇದ್ದದ್ದು 262ಕ್ಕೆ ಹಾರಿತು. ಇಸ್ತ್ರಿಪೆಟ್ಟಿಗೆಯನ್ನು ಅಡುಗೆಮನೆಗೇ ತರಿಸಿ ಹಚ್ಚಿದರು, ಸರ್ರನೆ ಇಳಿಯಿತು.

‘ಇನ್ನೊಂದು ಫೇಸಿಗೆ ಲೋಡ್ ಹಾಕಿದ್ರೆ ಇಲ್ಲಿ ಏರಬಾರ್ದು. ಏರ್ತಿದೆ ಅಂದ್ರೆ ನ್ಯೂಟ್ರಲ್ ಹಿಡೀತಿಲ್ಲ’ ಎಂದರು.

ಈ ಒಂದು ಪರೀಕ್ಷೆ ಗೊತ್ತಿದ್ದರೆ ಸಾಕು, ಅರ್ಧ ಕೆಲಸ ಮುಗಿದಂತೆ. ಮೇನ್ ಆಫ್ ಮಾಡಿ ಮುಚ್ಚಳ ತೆಗೆದಾಗ ನ್ಯೂಟ್ರಲ್ ಲಿಂಕ್‌ನ ಸ್ಕ್ರೂ ಕೆಳಗೆ ಅಲ್ಯೂಮಿನಿಯಂ ಎಳೆಗಳು ಬಿಳಿ ಪುಡಿ ಹಿಡಿದು, ಸುತ್ತಲಿನ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿತ್ತು. ಹಾಳಾದ ತುದಿ ಕತ್ತರಿಸಿ, ಲಗ್ ಒತ್ತಿ ಬಿಗಿ ಮಾಡಿದರು. ಮತ್ತೆ ಗೀಸರ್ ಹಚ್ಚಿದಾಗ ಅಡುಗೆಮನೆಯ ಮುಳ್ಳು ಅಲುಗಲಿಲ್ಲ ಎನ್ನಬಹುದಿತ್ತು, ಡಿಜಿಟಲ್ ಮೀಟರ್‌ಗೆ ಮುಳ್ಳು ಇದ್ದಿದ್ದರೆ.

ಅಲ್ಯೂಮಿನಿಯಂ ತಂತಿಗೆ ಇದು ಹುಟ್ಟುಗುಣ. ಗಾಳಿಗೆ ಒಡ್ಡಿದರೆ ಕರೆಂಟ್ ಹರಿಯಗೊಡದ ಆಕ್ಸೈಡ್ ಪದರ ಕಟ್ಟುತ್ತದೆ. ತಾಮ್ರದ ಜೊತೆ ನೇರ ತಿರುವಿದರೆ ಮಳೆನೀರು ಸೋಕಿ ಕೊರೆಯುತ್ತದೆ. ಬಿಸಿಯಾಗಿ ಹಿಗ್ಗಿ, ತಣಿದು ಕುಗ್ಗಿ ಸ್ಕ್ರೂ ಕೆಳಗೆ ಸಡಿಲಾಗುತ್ತದೆ. ಬೀದಿಯ ಕಂಬಗಳ ಮೇಲೂ ಇದೇ ಕಥೆ. ಅಲ್ಲಿ ಓಡುವ ಅಲ್ಯೂಮಿನಿಯಂ ತಂತಿಗಳಿಗೆ ದಪ್ಪದ ಪ್ರಕಾರ ಅಳಿಲು, ವೀಸಲ್, ಮೊಲ ಎಂದು ಪ್ರಾಣಿಗಳ ಇಂಗ್ಲಿಷ್ ಹೆಸರುಗಳೇ ಇವೆ. ಫೇಸ್‌ಗಳಿಗೆ ಮೊಲ ಎಳೆದು ನ್ಯೂಟ್ರಲ್‌ಗೆ ತೆಳ್ಳಗಿನ ವೀಸಲ್ ಎಳೆಯುವುದು ಹಿಂದಿನಿಂದ ಬಂದ ಮಿತವ್ಯಯ. ಮೂರೂ ಫೇಸ್ ಸಮವಾಗಿದ್ದರೆ ನ್ಯೂಟ್ರಲ್‌ನಲ್ಲಿ ಹರಿಯುವುದು ಕಡಿಮೆ ಎಂಬ ಲೆಕ್ಕ ಅದು. ಎಲ್‌ಇಡಿ ದೀಪ, ಕಂಪ್ಯೂಟರ್, ಚಾರ್ಜರ್‌ಗಳ ಕಾಲಕ್ಕೆ ಆ ಲೆಕ್ಕ ಪೂರ್ತಿ ಹೊಂದುವುದಿಲ್ಲ. ಇವು ಕರೆಂಟನ್ನು ತುಂಡು ತುಂಡಾಗಿ ಎಳೆಯುತ್ತವೆ. ಆ ತುಂಡುಗಳಲ್ಲಿ ಒಂದು ಭಾಗ ಮೂರೂ ಫೇಸ್‌ನಿಂದ ಬಂದು ನ್ಯೂಟ್ರಲ್‌ನಲ್ಲಿ ಒಂದನ್ನೊಂದು ಕಳೆಯುವ ಬದಲು ಕೂಡಿಕೊಳ್ಳುತ್ತದೆ.

ಒಂದೇ ಫೇಸ್‌ನ ಮನೆಯವರಿಗೆ

‘ನಮ್ಮದು ಸಿಂಗಲ್ ಫೇಸ್, ನಮಗೆ ಈ ಕಾಟ ಇಲ್ಲ’ ಎನ್ನುವಂತಿಲ್ಲ. ಅಂಥ ಮನೆಯ ಒಳಗೆ ನ್ಯೂಟ್ರಲ್ ಕಡಿದರೆ ವೋಲ್ಟೇಜ್ ಏರುವುದಿಲ್ಲ, ನಿಜ. ಮನೆಯೇ ಕತ್ತಲಾಗುತ್ತದೆ. ಟೆಸ್ಟರ್ ಮಾತ್ರ ಸಾಕೆಟ್‌ನ ಎರಡೂ ತೂತುಗಳಲ್ಲಿ ಉರಿಯುತ್ತದೆ; ಹಚ್ಚಿಟ್ಟ ಯಾವುದೋ ದೀಪದ ಮೂಲಕ ಫೇಸ್ ಬಂದು ನ್ಯೂಟ್ರಲ್‌ನಲ್ಲಿ ಕೂತಿರುತ್ತದೆ. ಆದರೆ ನಿಮ್ಮ ಪಕ್ಕದ ಮನೆ ಇನ್ನೊಂದು ಫೇಸ್‌ನಲ್ಲಿದ್ದು, ಕಂಬದ ಮೇಲಿನ ಹಂಚಿಕೆಯ ನ್ಯೂಟ್ರಲ್ ಕಡಿದರೆ ಇಬ್ಬರ ಮನೆಯೂ ಸೇರಿ ಮೇಲಿನ ಲೆಕ್ಕವೇ. ನಿಮ್ಮಲ್ಲಿ 2000 ವಾಟ್‌ನ ಓವನ್ ಉರಿಯುತ್ತಿದ್ದು, ಅವರಲ್ಲಿ ಟಿವಿ, ಫ್ರಿಜ್ ಸೇರಿ 300 ವಾಟ್ ಇದ್ದರೆ ನಿಮಗೆ 52 ವೋಲ್ಟ್, ಅವರಿಗೆ 348. ನಿಮ್ಮ ಕೇಕ್ ಉಬ್ಬದು, ಅವರ ಟಿವಿ ಉಳಿಯದು. ಸಿಂಗಲ್ ಫೇಸ್ ಮನೆಯಲ್ಲಿ 260 ದಾಟಿದ ವೋಲ್ಟೇಜ್ ಕಂಡರೆ ತೊಂದರೆ ಬಹುಮಟ್ಟಿಗೆ ಮೀಟರ್‌ನ ಆಚೆಗೆ ಇದೆ ಎಂದುಕೊಳ್ಳಿ. ಒಂದು ಅಪವಾದ ಇದೆ, ಸ್ಟೆಬಿಲೈಸರ್.

ಲೋ ವೋಲ್ಟೇಜ್‌ನ ಊರುಗಳಲ್ಲಿ ಸ್ಟೆಬಿಲೈಸರ್ ಇಲ್ಲದ ಮನೆ ಅಪರೂಪ. ಸಪ್ಲೈ 170ಕ್ಕೆ ಇಳಿದಾಗ ಒಳಗಿನ ರಿಲೇ ಹಾರಿ ಟ್ರಾನ್ಸ್‌ಫಾರ್ಮರ್‌ನ ಮೇಲಿನ ಟ್ಯಾಪ್‌ಗೆ ಹೋಗಿ 220ರ ಹತ್ತಿರ ತರುತ್ತದೆ. ರಾತ್ರಿ ಪಂಪ್‌ಸೆಟ್‌ಗಳೆಲ್ಲ ನಿಂತು ಸಪ್ಲೈ 235ಕ್ಕೆ ಬಂದಾಗ ಆ ರಿಲೇ ವಾಪಸ್ ಬರಬೇಕು. ಹಳೆಯ ರಿಲೇಯ ಕಾಂಟ್ಯಾಕ್ಟ್ ಬೆಸೆದುಕೊಂಡಿದ್ದರೆ ಬರುವುದಿಲ್ಲ. ಆಗ ಹೊರಗೆ 235 ಇದ್ದದ್ದು ಸ್ಟೆಬಿಲೈಸರ್ ದಾಟಿ ಓವನ್ನಿಗೆ 300 ಆಗಿ ತಲುಪುತ್ತದೆ. ಕಾಪಾಡಲು ಇಟ್ಟದ್ದೇ ಕೊಲ್ಲುತ್ತದೆ. ಅದೂ ಅಲ್ಲದೆ ಫ್ರಿಜ್‌ಗೆಂದು ತಂದ ಸಣ್ಣ ಸ್ಟೆಬಿಲೈಸರ್‌ಗೆ 2000 ವಾಟ್‌ನ ಓವನ್ ಸಿಕ್ಕಿಸಿದರೆ ಆ ರಿಲೇ ಬೆಸೆದುಕೊಳ್ಳದೆ ಇನ್ನೇನು ಮಾಡೀತು! ಅನುಮಾನ ಬಂದರೆ ಸ್ಟೆಬಿಲೈಸರ್‌ನ ಮುಂಚೆ ಒಂದು ಸಲ, ನಂತರ ಒಂದು ಸಲ ಅಳೆಯಿರಿ. ಅಪಾರ್ಟ್‌ಮೆಂಟ್‌ನವರು ಜನರೇಟರನ್ನೂ ಈ ಪಟ್ಟಿಗೆ ಸೇರಿಸಿಕೊಳ್ಳಲಿ. ಅದರ ವೋಲ್ಟೇಜ್ ಹಿಡಿತದಲ್ಲಿಡುವ ಎವಿಆರ್ ಕೈಕೊಟ್ಟರೆ ಕರೆಂಟ್ ಹೋಗಿ ಜನರೇಟರ್ ಹತ್ತಿದ ಕೂಡಲೇ ಎಲ್ಲ ಮನೆಗಳಲ್ಲೂ ದೀಪ ಉಜ್ವಲವಾಗಿ ಬೆಳಗುತ್ತದೆ, ಸ್ವಲ್ಪ ಹೊತ್ತು.

ಅಮೆರಿಕದಿಂದ ವಾಪಸಾದವರ ಸೂಟ್‌ಕೇಸಿನಲ್ಲಿ ಬಂದ ಟೋಸ್ಟರ್ ಓವನ್ ಇನ್ನೊಂದು ಬಗೆ. ಅಲ್ಲಿನದು 120 ವೋಲ್ಟ್. 1500 ವಾಟ್‌ನ ಆ ಪೆಟ್ಟಿಗೆಯನ್ನು ಪಿನ್ ಬದಲಿಸುವ ಅಡಾಪ್ಟರ್ ಹಾಕಿ ನಮ್ಮ 230ಕ್ಕೆ ಚುಚ್ಚಿದರೆ ಅದು 5500 ವಾಟ್ ಎಳೆಯಲು ಹೊರಡುತ್ತದೆ. ಎಂಸಿಬಿ ಬಿದ್ದರೆ ಪುಣ್ಯ. ಅಡಾಪ್ಟರ್ ಬದಲಾಯಿಸುವುದು ಪಿನ್ನನ್ನು, ವೋಲ್ಟೇಜನ್ನಲ್ಲ. ಅಂದ ಹಾಗೆ ಅಲ್ಲಿ ನೆಲೆಸಿರುವ ನಮ್ಮವರಿಗೂ ನ್ಯೂಟ್ರಲ್ ಕಾಟ ತಪ್ಪಿದ್ದಲ್ಲ. ಅಲ್ಲಿ ಮನೆಗೆ ಬರುವುದು ನಡುವೆ ನ್ಯೂಟ್ರಲ್ ಇರುವ 240 ವೋಲ್ಟ್. ಅದು ಕಡಿದರೆ ಅರ್ಧ ಮನೆಯ ದೀಪ ಮಂಕಾಗಿ ಇನ್ನರ್ಧ ಮನೆಯದು ಕಣ್ಣು ಕುಕ್ಕುತ್ತದೆ.

ಅಳೆಯುವಾಗ

ಮೀಟರ್ ಹಿಡಿಯುವ ಧೈರ್ಯ ಇರುವವರಿಗೆ ಒಂದೆರಡು ಮಾತು. ಮಲ್ಟಿಮೀಟರ್ ಮೇಲೆ ‘ಕ್ಯಾಟ್ 3, 600 ವೋಲ್ಟ್’ ಎಂದು ಬರೆದಿರಬೇಕು. ಸಂತೆಯಲ್ಲಿ ಸಿಗುವ ಹಳದಿ ಮೀಟರ್ ಟಿವಿ ರಿಮೋಟಿನ ಸೆಲ್ ನೋಡಲು ಸಾಕು, 400 ವೋಲ್ಟ್ ಓಡಾಡುವ ಮೇನ್ ಬೋರ್ಡಿಗೆ ಬೇಡ. ಅದರ ಒಳಗಿನ ಬ್ಯಾಟರಿ ಇಳಿದಿದ್ದರೆ ಇಲ್ಲದ ವೋಲ್ಟೇಜನ್ನು ಹೆಚ್ಚಿಗೆ ತೋರಿಸುವ ಕೆಟ್ಟ ಚಾಳಿಯೂ ಉಂಟು. 290 ಎಂದು ನೋಡಿ ಲೈನ್‌ಮನ್‌ಗೆ ಫೋನ್ ಮಾಡುವ ಮೊದಲು ಬ್ಯಾಟರಿ ಬದಲಿಸಿ ಇನ್ನೊಂದು ಸಲ ನೋಡಿ.

ಫೇಸ್–ನ್ಯೂಟ್ರಲ್ ನೋಡಿದ ಮೇಲೆ ನ್ಯೂಟ್ರಲ್–ಅರ್ಥ್ ನಡುವೆಯೂ ನೋಡಬೇಕು. ಆರೋಗ್ಯವಂತ ಮನೆಯಲ್ಲಿ ಒಂದೆರಡು ವೋಲ್ಟ್ ಇರುತ್ತದೆ. ಲೋಡ್ ಹಾಕಿದಾಗ 20, 30 ಆಯಿತೆಂದರೆ ನ್ಯೂಟ್ರಲ್ ಎಲ್ಲೋ ಸೊರಗಿದೆ. ಒಂದು ಸಲ ಅಳೆದು 230 ಬಂತೆಂದು ನಿಶ್ಚಿಂತರಾಗಬೇಡಿ. ಬೆಳಿಗ್ಗೆ ಗೀಸರ್ ಹೊತ್ತು, ಸಂಜೆ, ನಡುರಾತ್ರಿ ಬೇರೆ ಬೇರೆ ನೋಡಬೇಕು.

ಇನ್ನೊಂದು ವಿಷಯ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಹಳೆಯ ಮನೆಗಳಲ್ಲಿ ಅರ್ಥಿಂಗ್ ಇಲ್ಲದಿದ್ದರೆ ಕೆಲವು ಎಲೆಕ್ಟ್ರಿಶಿಯನ್‌ಗಳು ಸಾಕೆಟ್‌ನ ಅರ್ಥ್ ತೂತಿಗೆ ನ್ಯೂಟ್ರಲ್‌ನಿಂದಲೇ ಒಂದು ತುಂಡು ತಂತಿ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಟೆಸ್ಟ್ ಲ್ಯಾಂಪ್ ಉರಿಯುತ್ತದೆ, ಮನೆಯವರಿಗೆ ಸಮಾಧಾನ. ನ್ಯೂಟ್ರಲ್ ಕಡಿದ ದಿನ ಅದೇ ತುಂಡು ತಂತಿ ಓವನ್ನಿನ ಸ್ಟೀಲ್ ಮೈಗೆ ಕರೆಂಟ್ ತಂದು ನಿಲ್ಲಿಸುತ್ತದೆ. ಬೋರ್ಡು ಸುಟ್ಟರೆ ದುಡ್ಡು ಹೋಗುತ್ತದೆ, ಇದರಲ್ಲಿ ಹೋಗುವುದು ಜೀವ. ನಿಮ್ಮ ಮನೆಯ 16 ಆಂಪಿಯರ್ ಸಾಕೆಟ್ ಒಂದನ್ನು ಬಿಚ್ಚಿಸಿ, ಹಸಿರು ತಂತಿ ನಿಜಕ್ಕೂ ಅರ್ಥ್ ಗುಂಡಿಗೆ ಹೋಗುತ್ತದೆಯೇ ಎಂದು ಒಮ್ಮೆ ನೋಡಿಸಿ.

ರಕ್ಷಣೆಯ ವಿಷಯದಲ್ಲಿ ಅಂಗಡಿಯವರು ಎರಡನ್ನು ಬೆರೆಸಿ ಮಾರುತ್ತಾರೆ. ಸ್ಪೈಕ್ ಗಾರ್ಡ್ ಅಥವಾ ಸರ್ಜ್ ಪ್ರೊಟೆಕ್ಟರ್ ಒಳಗೆ ಇರುವುದು ಅದೇ ಎಂಒವಿ ಬಿಲ್ಲೆ; ಸಿಡಿಲಿನ ಪೆಟ್ಟಿಗೆ ಒಳ್ಳೆಯದು, ನ್ಯೂಟ್ರಲ್ ಹೋದಾಗ ಓವನ್ನಿಗಿಂತ ಮೊದಲು ತಾನೇ ಸುಡುತ್ತದೆ. ಬೇಕಾದದ್ದು ಡಿಬಿಯಲ್ಲಿ, ಅಂದರೆ ಡಿಸ್ಟ್ರಿಬ್ಯೂಷನ್ ಬೋರ್ಡಿನಲ್ಲಿ, ಎಂಸಿಬಿ ಪಕ್ಕ ಕೂರುವ ‘ಓವರ್ ಅಂಡ್ ಅಂಡರ್ ವೋಲ್ಟೇಜ್ ಪ್ರೊಟೆಕ್ಟರ್’. ವೋಲ್ಟೇಜ್ ನಾವಿಟ್ಟ ಗೆರೆ, ಅಂದರೆ 265 ಅಥವಾ 270 ದಾಟಿದರೆ ಕಟ್ ಮಾಡಿ, ಸರಿಯಾಗಿ ನಿಂತ ಮೇಲೆ ತಡೆದು ತಾನೇ ಮತ್ತೆ ಹಚ್ಚುತ್ತದೆ. ಮೂರು ಫೇಸ್‌ನ ಮನೆಗೆ ಮೂರನ್ನೂ ಒಟ್ಟಿಗೆ ನೋಡುವಂಥದ್ದೇ ಬೇಕು. ಸುಟ್ಟ ಬೋರ್ಡುಗಳ ಬಿಲ್ ಎದುರಿಗೆ ಇದೊಂದು ಖರ್ಚೇ ಅಲ್ಲ ಎಂಬುದು ನನ್ನ ಅಭಿಪ್ರಾಯ. ಹೊಸ ಮನೆ ಕಟ್ಟುವವರು ಮಾರ್ಬಲ್ ಆರಿಸಲು ವ್ಯಯಿಸುವ ಸಮಯದ ಹತ್ತನೇ ಒಂದು ಪಾಲನ್ನು ಡಿಬಿಗೆ ಕೊಟ್ಟರೆ ಸಾಕು.

ತೊಂದರೆ ಮೀಟರ್‌ನ ಆಚೆಗೆ ಇದ್ದರೆ ಅದು ವಿದ್ಯುತ್ ಕಂಪನಿಯ ಕೆಲಸ. ಮೀಟರ್‌ನ ಸೀಲ್ ನೀವೂ ಒಡೆಯಬಾರದು, ನಿಮ್ಮ ಎಲೆಕ್ಟ್ರಿಶಿಯನ್ನೂ ಒಡೆಯಬಾರದು. ವಿದ್ಯುಚ್ಛಕ್ತಿ ಕಾಯ್ದೆ 2003ರ 57ನೇ ಕಲಂ ಸೇವೆಯ ಗುಣಮಟ್ಟ ಮತ್ತು ಅದು ತಪ್ಪಿದಾಗ ಪರಿಹಾರದ ಮಾತಾಡುತ್ತದೆ; ದೂರು ಕೇಳದಿದ್ದರೆ 42ನೇ ಕಲಂನ ಪ್ರಕಾರ ಗ್ರಾಹಕರ ಕುಂದುಕೊರತೆ ವೇದಿಕೆ ಇದೆ, ಅದರ ಮೇಲೆ ಒಂಬುಡ್ಸ್‌ಮನ್ ಇದ್ದಾರೆ. ಅಲ್ಲಿಗೆ ಹೋಗುವವರಿಗೆ ದೂರಿನ ಸಂಖ್ಯೆ, ಮೀಟರ್ ತೋರಿಸಿದ ವೋಲ್ಟೇಜ್‌ನ ಫೋಟೊ, ಸುಟ್ಟ ಬೋರ್ಡು, ಸರ್ವಿಸ್ ರಿಪೋರ್ಟು ಕೈಯಲ್ಲಿರಬೇಕು. ಹಳೆಯ ಬೋರ್ಡನ್ನು ಗುಜರಿಗೆ ಹಾಕಬೇಡಿ.

ದೀಪಗಳು ಇದ್ದಕ್ಕಿದ್ದಂತೆ ಬೆಳ್ಳಗಾಗಿ, ಫ್ಯಾನ್ ಓಟ ಹೆಚ್ಚಿದ್ದು ಕಂಡರೆ ಓವನ್ನಿನ ಪ್ಲಗ್ ಕೀಳಲು ಓಡಬೇಡಿ. ನೇರ ಮೇನ್ ಸ್ವಿಚ್ ಹತ್ತಿರ ಹೋಗಿ ಆಫ್ ಮಾಡಿ. ಅಕ್ಕಪಕ್ಕದ ಮನೆಯವರಿಗೂ ಕೂಗಿ ಹೇಳಿ. ಆಮೇಲೆ 1912ಕ್ಕೆ ಫೋನ್ ಮಾಡಿ. ‘ಕರೆಂಟ್ ಜಾಸ್ತಿ ಬರ್ತಿದೆ’ ಎನ್ನುವ ಬದಲು ‘ನ್ಯೂಟ್ರಲ್ ಕಟ್ ಆಗಿರುವ ಹಾಗಿದೆ’ ಎಂದೇ ಹೇಳಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ.